ಬುರು ದ್ವೀಪದ ಮದಂಗ, ಸಿಂಹಗಡದ ಪಿಪಿಟ್

ಬೆಳ್ಗಣ್ಣನನ್ನು ಗುರುತಿಸಲು ಮುಂಬೈಯಲ್ಲಾಗಲಿ ಪುಣೆಯಲ್ಲಾಗಲಿ ಯಾರಿಗೂ ಪುಸ್ತಕ ಬೇಕಾಗುವುದಿಲ್ಲ. ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಹೂಬಿಟ್ಟ ಮರವೊಂದರ ಕೆಳಗೆ ಸ್ವಲ್ಪ ಹೊತ್ತು ನಿಂತರೆ ಗುಂಪು ತಾನಾಗಿ ಬರುತ್ತದೆ. ಹಳದಿ ಮಿಶ್ರಿತ ಹಸಿರು ಮೈ, ಕಣ್ಣಿನ ಸುತ್ತ ಸುಣ್ಣ ಬಳಿದಂಥ ಉಂಗುರ. ಪಿಪಿಟ್ ಹಾಗಲ್ಲ. ಕಂದು ಬಣ್ಣ, ಮೈತುಂಬ ಗೀರು, ಹುಲ್ಲಿನ ನಡುವೆ ಓಡಾಟ. ಅರ್ಧಕ್ಕರ್ಧ ಜನ "ಯಾವುದೋ ಪಿಪಿಟ್" ಎಂದು ಬರೆದು ಮುಂದೆ ನಡೆಯುತ್ತಾರೆ. ಇವೆರಡನ್ನು ಅದಲುಬದಲು ಮಾಡುವವರು ಇರಲಾರರು ಅನ್ನಿಸುತ್ತದೆ. ಆದರೆ ಇಂಡೋನೇಷ್ಯಾದ ಬುರು ದ್ವೀಪದ ಒಂದು ಹಾಡುಹಕ್ಕಿಯ ವಿಷಯದಲ್ಲಿ ಪಕ್ಷಿವಿಜ್ಞಾನವೇ 1923ರಿಂದ 2015ರವರೆಗೆ, ಅಂದರೆ 92 ವರ್ಷ, ಇದೇ ಅದಲುಬದಲು ಮಾಡಿಕೊಂಡಿತ್ತು.

ಹಕ್ಕಿಯ ಹೆಸರು ಮದಂಗ. ಬುರು ಇರುವುದು ಮಲುಕು ದ್ವೀಪಸಮೂಹದಲ್ಲಿ, ಸುಲಾವೆಸಿಗೂ ಸೆರಾಮ್‌ಗೂ ನಡುವೆ. ಸುಮಾರು 9,500 ಚದರ ಕಿಲೋಮೀಟರ್, ಗೋವಾದ ಎರಡೂವರೆ ಪಟ್ಟು. ಮಲುಕು ಎಂದರೆ ಲವಂಗದ ನಾಡು. ಪೋರ್ಚುಗೀಸರ ಕಾಲದಲ್ಲಿ ಅಲ್ಲಿಯ ಲವಂಗಕ್ಕೂ ಗೋವಾದ ಬಂದರಿಗೂ ನಂಟಿತ್ತು. ಬುರು ಮಾತ್ರ ಲವಂಗಕ್ಕಿಂತ ಕಾಜುಪುಟಿ ಮರದ ಎಲೆಯಿಂದ ತೆಗೆಯುವ ಎಣ್ಣೆಗೆ ಹೆಸರಾದದ್ದು. ಹಕ್ಕಿ ಇರುವುದು ಎಣ್ಣೆ ತೆಗೆಯುವ ಬಯಲಿನಲ್ಲಲ್ಲ, ಒಳನಾಡಿನ ಬೆಟ್ಟದ ಕಾಡಿನಲ್ಲಿ.

ಸುಮಾರು 13 ಸೆಂಟಿಮೀಟರ್ ಉದ್ದ, ನಮ್ಮ ಗುಬ್ಬಚ್ಚಿಗಿಂತ ತುಸು ಚಿಕ್ಕದು. ತಲೆ ಬೂದು, ಬೆನ್ನು ಆಲಿವ್ ಹಸಿರು, ಗಂಟಲು ಇಟ್ಟಿಗೆಯಂಥ ಕೆಂಗಂದು, ಹೊಟ್ಟೆ ಮತ್ತೆ ಬೂದು. ಪಾಚಿ ಕಟ್ಟಿದ ಕಾಂಡ, ಕೊಂಬೆಗಳ ಮೇಲೆ ಹರಿದಾಡುತ್ತ ಹುಳು ಹೆಕ್ಕುತ್ತದೆ. 1922ರಲ್ಲಿ ಸಂಗ್ರಹಿಸಿದ ನಾಲ್ಕು ಮಾದರಿಗಳ ಆಧಾರದ ಮೇಲೆ ವಾಲ್ಟರ್ ರಾತ್ಸ್‌ಚೈಲ್ಡ್ ಮತ್ತು ಅರ್ನ್ಸ್ಟ್ ಹಾರ್ಟರ್ಟ್ ಮರುವರ್ಷ ಇದನ್ನು ವರ್ಣಿಸಿದರು. ಹೊಸ ಕುಲವನ್ನೇ (ಕುಟುಂಬದೊಳಗಿನ ಚಿಕ್ಕ ಗುಂಪು, ವೈಜ್ಞಾನಿಕ ಹೆಸರಿನ ಮೊದಲ ಪದ) ಕಟ್ಟಿ ಮದಂಗ ರುಫಿಕೋಲಿಸ್ ಎಂದರು. ಅದಾದ ಮೇಲೆ 1995ರವರೆಗೆ ಕಾಡಿನಲ್ಲಿ ಅದನ್ನು ಕಂಡ ದಾಖಲೆ ಇಲ್ಲ. ಪುಸ್ತಕಗಳಲ್ಲಿ ಅದು ಬೆಳ್ಗಣ್ಣಗಳ ಕುಟುಂಬದಲ್ಲಿ, "ಸ್ವಲ್ಪ ವಿಚಿತ್ರ" ಎಂಬ ಟಿಪ್ಪಣಿಯೊಂದಿಗೆ ಕೂತಿತ್ತು. ವರ್ಗೀಕರಣದಲ್ಲಿ "ವಿಚಿತ್ರ ಸದಸ್ಯ" ಎಂಬ ಮಾತು ಕಂಡಲ್ಲೆಲ್ಲ ಒಂದು ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ಹಕ್ಕಿ ವಿಚಿತ್ರವೋ, ಕೂಡಿಸಿದ ಮನೆ ತಪ್ಪೋ ಎಂದು ಕೇಳಬೇಕು.

2015ರಲ್ಲಿ ಪೆರ್ ಆಲ್‌ಸ್ಟ್ರೋಮ್ ಮತ್ತು ಸಂಗಡಿಗರು ಡಿಎನ್‌ಎ ನೋಡಿ ಹೇಳಿದ್ದು: ಮದಂಗ ಬೆಳ್ಗಣ್ಣ ಅಲ್ಲವೇ ಅಲ್ಲ, ಕಾಡು ಸೇರಿದ ಪಿಪಿಟ್. ಬಾಲ ಕುಣಿಸುವ ಸಿಪಿಲೆ (ವ್ಯಾಗ್‌ಟೇಲ್) ಮತ್ತು ಪಿಪಿಟ್‌ಗಳ ಕುಟುಂಬವಾದ ಮೋಟಾಸಿಲಿಡೇಗೆ ಸೇರಿದ್ದು. ಇದು ಎಷ್ಟು ದೂರದ ಸ್ಥಳಾಂತರ ಎಂದು ತಿಳಿಯಲು ನಮ್ಮ ಅಂಗಳದ ಹಕ್ಕಿಗಳನ್ನೇ ತೆಗೆದುಕೊಳ್ಳಿ. ಬೆಳ್ಗಣ್ಣದ ಹತ್ತಿರದ ನೆಂಟ ಹರಟೆಮಲ್ಲ; ಬೆಳ್ಗಣ್ಣಗಳು ಮೂಡಿಬಂದದ್ದೇ ಹರಟೆಮಲ್ಲಗಳ ಕಡೆಯ ಕೊಂಬೆಯಿಂದ. ಪಿಪಿಟ್ ಬೀಳುವುದು ಗುಬ್ಬಚ್ಚಿಯ ಕಡೆಗೆ. ಹಾಗಾಗಿ ಬುರು ಬೆಟ್ಟದ ಹಸಿರು ಹಕ್ಕಿಗೆ ದಾದರ್ ಸ್ಟೇಷನ್ನಿನ ಗುಬ್ಬಚ್ಚಿ, ಉದ್ಯಾನದ ಬೆಳ್ಗಣ್ಣಕ್ಕಿಂತ ಹತ್ತಿರದ ಸಂಬಂಧಿ.

ತಪ್ಪು ಆದದ್ದು ಎಲ್ಲಿ? ಮೊದಲ ಕಾರಣ ಬಣ್ಣ. ಆ ಅಧ್ಯಯನದ ಮುಖ್ಯ ಮಾತು ಇದೇ: ಮದಂಗದಲ್ಲಿ ದೊಡ್ಡದಾಗಿ ಬದಲಾದದ್ದು ಪುಕ್ಕದ ಬಣ್ಣ, ಬಹುಶಃ ಕೊಂಬೆಗಳ ನಡುವೆ ಮರೆಯಾಗಲು. ಮೈಕಟ್ಟು ಅಷ್ಟಾಗಿ ಬದಲಾಗಿಲ್ಲ. ಬದಲಾಗುವ ಅಗತ್ಯವೇ ಬೀಳಲಿಲ್ಲ, ಯಾಕೆಂದರೆ ಕೊಂಬೆಯ ಮೇಲೆ ನಡೆಯುವ ಕಸುಬು ಪಿಪಿಟ್‌ಗಳಿಗೆ ಮೊದಲೇ ಗೊತ್ತಿತ್ತು. ಎರಡನೆಯದು ರೆಕ್ಕೆಗರಿಗಳ ಲೆಕ್ಕ, ಇದು ನಮ್ಮ ಊಹೆ. ಹಳಬರು ಹಾಡುಹಕ್ಕಿಗಳನ್ನು ಭಾಗ ಮಾಡುವಾಗ ರೆಕ್ಕೆಯ ಹೊರ ಅಂಚಿನ ಹತ್ತನೆಯ ಪ್ರಾಥಮಿಕ ಗರಿ ಎಷ್ಟು ಉದ್ದ ಎಂದು ನೋಡುತ್ತಿದ್ದರು. ಹರಟೆಮಲ್ಲಗಳಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಪಿಪಿಟ್‌ಗಳಲ್ಲಿ ಸವೆದು ಸವೆದು ಕಾಣದಷ್ಟಾಗಿದೆ, ಎಣಿಸಿದರೆ ಒಂಬತ್ತೇ ಸಿಗುತ್ತವೆ. ಬೆಳ್ಗಣ್ಣಗಳಲ್ಲೂ ಹಾಗೇ, ಹತ್ತನೆಯದು ಚೂರೇ ಚೂರು. ಬೇರೆ ಬೇರೆ ದಾರಿಯಲ್ಲಿ ಬಂದು ಇಬ್ಬರೂ ಒಂದೇ ಕಡೆ ಮುಟ್ಟಿದ್ದಾರೆ. ಹಸಿರು ಬೆನ್ನು, ಮರದ ಮೇಲೆ ವಾಸ, ಒಂಬತ್ತು ಗರಿ ಇಷ್ಟನ್ನು ಕೂಡಿಸಿದರೆ ಬೆಳ್ಗಣ್ಣ ಎಂಬ ಉತ್ತರ ಬರುವುದು ಸಹಜವೇ. ಆಗಿನವರನ್ನು ದೂರುವಂತಿಲ್ಲ, ಕೈಯಲ್ಲಿದ್ದದ್ದು ನಾಲ್ಕು ಒಣ ಚರ್ಮ.

ಒಣ ಚರ್ಮದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಇಂಥ ವಿವಾದಗಳೆಲ್ಲ ಹುಟ್ಟುವುದೂ ತೀರುವುದೂ ಅಲ್ಲೇ. ಮುಂಬೈ ಕೋಟೆ ಪ್ರದೇಶದ ಹಾರ್ನ್‌ಬಿಲ್ ಹೌಸ್‌ನಲ್ಲಿ, 1883ರಲ್ಲಿ ಶುರುವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹವಿದೆ. ಮೊದಲೇ ಅನುಮತಿ ಪಡೆದು ಹೋಗಬೇಕು. ಅಂಥ ಕಡೆ ಡ್ರಾಯರ್ ಎಳೆದಾಗ ಕಾಣುವುದು ಹತ್ತಿ ತುಂಬಿದ, ಅಂಗಾತ ಮಲಗಿಸಿದ ಹಕ್ಕಿಗಳು, ಕಾಲಿಗೆ ಕಟ್ಟಿದ ಚೀಟಿ. ಮೊದಲು ಚೀಟಿ ಓದಬೇಕು, ಆಮೇಲೆ ಹಕ್ಕಿ. ಜಾಗ, ದಿನಾಂಕ, ಎತ್ತರ, ಲಿಂಗ, ಕಣ್ಣು-ಕೊಕ್ಕು-ಕಾಲಿನ ಜೀವಂತ ಬಣ್ಣ ಅಲ್ಲಿ ಮಾತ್ರ ಸಿಗುತ್ತದೆ. ಒಣಗಿದ ಮೇಲೆ ಕಾಲಿನ ಬಣ್ಣ ಎಲ್ಲದರಲ್ಲೂ ಒಂದೇ ಥರದ ಮಾಸಲು ಕಂದು. ಪುಕ್ಕದ ಬಣ್ಣವನ್ನೂ ಪೂರ್ತಿ ನಂಬುವಂತಿಲ್ಲ. ಹಸಿರು ಬೆನ್ನಿನಲ್ಲಿ ಹಳದಿ ಅಂಶ ಬೆಳಕಿಗೆ ಮಾಸುತ್ತದೆ, ಬೂದು ಬಣ್ಣ ವರ್ಷಗಳು ಕಳೆದಂತೆ ಕೆಂಪಿಗೆ ತಿರುಗುತ್ತದೆ. ಹಳೆಯ ಚರ್ಮವನ್ನು ಹೊಸದರ ಪಕ್ಕ ಇಟ್ಟು "ಇದರ ಬೆನ್ನು ಹೆಚ್ಚು ಕಂದು, ಆದ್ದರಿಂದ ಬೇರೆ ಉಪಪ್ರಭೇದ" ಎಂದು ಬರೆದು ಎಡವಿದವರಿದ್ದಾರೆ.

ಅಳತೆಯಲ್ಲೂ ಬಲೆಗಳಿವೆ. ರೆಕ್ಕೆಯನ್ನು ಅದರ ಸಹಜ ಬಾಗಿನಲ್ಲೇ ಬಿಟ್ಟು ಅಳೆಯಬಹುದು, ಅಥವಾ ಸ್ಕೇಲಿಗೆ ಒತ್ತಿ ಚಪ್ಪಟೆ ಮಾಡಿ ಅಳೆಯಬಹುದು. ಒಂದೇ ಹಕ್ಕಿಗೆ ಎರಡು ಸಂಖ್ಯೆ ಬರುತ್ತದೆ, ಚಪ್ಪಟೆಯದು ದೊಡ್ಡದು. ಕೊಕ್ಕನ್ನು ತಲೆಬುರುಡೆಯಿಂದ ಅಳೆದವರೂ ಇದ್ದಾರೆ, ಪುಕ್ಕ ಶುರುವಾಗುವಲ್ಲಿಂದ ಅಳೆದವರೂ, ಮೂಗಿನ ಹೊಳ್ಳೆಯಿಂದ ಅಳೆದವರೂ. ಯಾರು ಹೇಗೆ ಅಳೆದರು ಎಂದು ಬರೆಯದ ಸಂಖ್ಯೆ ಉಪಯೋಗಕ್ಕಿಲ್ಲ. ರೆಕ್ಕೆ, ಬಾಲಕ್ಕೆ ತುದಿಯಲ್ಲಿ ತಡೆ ಇರುವ ಸ್ಕೇಲು, ಕೊಕ್ಕು ಮತ್ತು ಕಾಲಿಗೆ 0.1 ಮಿಲಿಮೀಟರ್ ತೋರಿಸುವ ವರ್ನಿಯರ್. ಒಬ್ಬರೇ ಅಳೆಯುವುದು, ಮೂರು ಸಲ ಅಳೆಯುವುದು, ಹಿಂದಿನ ಸಂಖ್ಯೆ ನೋಡದೆ ಅಳೆಯುವುದು. ಚರ್ಮ ಒಣಗುವಾಗ ರೆಕ್ಕೆ ತುಸು ಕುಗ್ಗುತ್ತದೆ, ಹಾಗಾಗಿ ಜೀವಂತ ಹಕ್ಕಿಯ ಅಳತೆಯನ್ನು ಸಂಗ್ರಹದ ಅಳತೆಯೊಂದಿಗೆ ಒಂದೇ ಕೋಷ್ಟಕದಲ್ಲಿ ಬೆರೆಸಬಾರದು. ಜೀವಂತ ಹಕ್ಕಿ ಹಿಡಿಯುವ ಆಸೆಯನ್ನು ಇಲ್ಲೇ ಕೈಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಹಿಡಿಯುವುದು ಅಪರಾಧ.

ಇನ್ನು ಡಿಎನ್‌ಎ. ಪತ್ರಿಕೆಗಳಲ್ಲಿ "ಡಿಎನ್‌ಎ ಪರೀಕ್ಷೆಯಿಂದ ಸಾಬೀತು" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ, ಆದರೆ ತಪ್ಪುವ ಜಾಗಗಳು ಇಲ್ಲೂ ಕಡಿಮೆ ಇಲ್ಲ. ಹಳೆಯ ಚರ್ಮದಿಂದ ತೆಗೆಯುವುದಾದರೆ ಸಾಮಾನ್ಯವಾಗಿ ಕಾಲ್ಬೆರಳಿನ ಅಡಿಯ ಮೆತ್ತೆಯಿಂದ 2–3 ಮಿಲಿಮೀಟರಿನ ಒಂದು ಚೂರು ಕತ್ತರಿಸುತ್ತಾರೆ. ಅದು ಹೊರಗಿನ ನೋಟ ಕೆಡಿಸುವುದಿಲ್ಲ, ಅಳತೆಗೂ ಬೇಕಾದ ಭಾಗವಲ್ಲ. ಪ್ರತಿ ಹಕ್ಕಿಗೂ ಹೊಸ ಬ್ಲೇಡ್. ಪ್ರೋಟೀನೇಸ್ ಕೆ ಎಂಬ ಕಿಣ್ವದಲ್ಲಿ ಸುಮಾರು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಕರಗಿಸಿ, ಡಿಎನ್‌ಎಯನ್ನು ಸಿಲಿಕಾ ಮೇಲೆ ಹಿಡಿದು, ತೊಳೆದು ತೆಗೆಯುತ್ತಾರೆ. ತಾಜಾ ರಕ್ತದಲ್ಲಿ ಉದ್ದ ಎಳೆ ಸಿಗುತ್ತದೆ. ದಶಕಗಳ ಹಿಂದಿನ ಚರ್ಮದಲ್ಲಿ ಎಳೆ ತುಂಡು ತುಂಡಾಗಿರುತ್ತದೆ, ಕೆಲವು ನೂರು ಅಕ್ಷರಗಳಿಗಿಂತ ಉದ್ದದ ಚೂರು ಸಿಗುವುದು ಅಪರೂಪ. ಆದ್ದರಿಂದ ಒಂದು ಜೀನನ್ನು ಒಂದರ ಮೇಲೊಂದು ಸ್ವಲ್ಪ ಹಾಯುವ ಚಿಕ್ಕ ಚೂರುಗಳಾಗಿ ಓದಿ ಹೊಲಿಯಬೇಕು, ಹಳೆ ಸೀರೆಗಳಿಂದ ಕೌದಿ ಹೊಲಿದಂತೆ.

ಹೊಲಿಯುವಾಗ ಬೇರೆ ಸೀರೆಯ ತುಂಡು ಸೇರಿಬಿಟ್ಟರೆ? ಇದೇ ಮೊದಲ ಅಪಾಯ. ಅದೇ ಮೇಜಿನ ಮೇಲೆ ಹಿಂದಿನ ದಿನ ತಾಜಾ ಬೆಳ್ಗಣ್ಣದ ರಕ್ತ ತೆರೆದಿದ್ದರೆ, ಅದರ ಗಟ್ಟಿ ಡಿಎನ್‌ಎ ಹಳೆಯ ಚರ್ಮದ ಬಡಕಲು ಡಿಎನ್‌ಎಯನ್ನು ನುಂಗಿಹಾಕುತ್ತದೆ. ಅದಕ್ಕೇ ಹಳೆಯ ಮಾದರಿಗೆ ಬೇರೆ ಕೋಣೆ, ಪ್ರತಿ ಸರದಿಯಲ್ಲೂ ಹಕ್ಕಿಯ ಚೂರು ಹಾಕದ ಒಂದು ಖಾಲಿ ನಳಿಕೆ. ಖಾಲಿ ನಳಿಕೆಯಲ್ಲೂ ಹಕ್ಕಿ ಕಂಡರೆ ಆ ದಿನದ ಕೆಲಸವೆಲ್ಲ ಹೊರಗೆ. ಎರಡನೆಯದು, ಜೀವಕೋಶದ ಮೈಟೋಕಾಂಡ್ರಿಯದಲ್ಲಿರುವ ಜೀನಿನ ಹಳಸಿದ ನಕಲು ಕೋಶಕೇಂದ್ರದಲ್ಲೂ ಉಳಿದಿರುತ್ತದೆ. ಅದನ್ನು ಓದಿಕೊಂಡರೆ ಹಕ್ಕಿ ಇಲ್ಲದ ಕಡೆ ಹೋಗಿ ಕೂರುತ್ತದೆ. ಜೀನಿನ ನಡುವೆ ಅಕಾಲದಲ್ಲಿ "ನಿಲ್ಲು" ಎಂಬ ಸಂಕೇತ ಬಂದರೆ ಅದು ನಕಲಿನ ಗುರುತು. ಮೂರನೆಯದು, ಮೈಟೋಕಾಂಡ್ರಿಯ ಬರುವುದು ತಾಯಿಯ ಕಡೆಯಿಂದ ಮಾತ್ರ. ಎಂದೋ ನಡೆದ ಬೆರಕೆಯ ನೆನಪು ಅದರಲ್ಲಿ ಉಳಿದು ದಾರಿ ತಪ್ಪಿಸಬಹುದು. ಅದಕ್ಕೆ ಕೋಶಕೇಂದ್ರದ ಜೀನುಗಳನ್ನೂ ಓದಿ, ಎರಡೂ ಒಂದೇ ಮಾತು ಹೇಳುತ್ತವೆಯೇ ನೋಡಬೇಕು.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಪ್ರಯೋಗಾಲಯದಲ್ಲಿ ಆಗುವುದಿಲ್ಲ, ಪಟ್ಟಿ ಮಾಡುವಾಗ ಆಗುತ್ತದೆ. ಹೋಲಿಕೆಗೆ ಯಾರನ್ನು ಕರೆಯುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಮದಂಗವನ್ನು ಮೂವತ್ತು ಬೆಳ್ಗಣ್ಣಗಳ ಜೊತೆ ಮಾತ್ರ ಇಟ್ಟು ವಂಶವೃಕ್ಷ ಕಟ್ಟಿದರೆ, ಯಂತ್ರ ಅದನ್ನು ಬೆಳ್ಗಣ್ಣಗಳ ಬುಡದಲ್ಲಿ ಉದ್ದ ಕೊಂಬೆಯೊಂದರ ಮೇಲೆ ಕೂರಿಸುತ್ತದೆ. "ಹೌದು, ವಿಚಿತ್ರ ಬೆಳ್ಗಣ್ಣವೇ" ಎಂದು ಎಲ್ಲರೂ ತಲೆಯಾಡಿಸುತ್ತಾರೆ. ಪಿಪಿಟ್ ಪಟ್ಟಿಯಲ್ಲಿ ಇದ್ದರೆ ತಾನೇ ಪಿಪಿಟ್ ಎಂಬ ಉತ್ತರ ಬರುವುದು! ಹಾಗಾಗಿ ಇಂಥ ಲೇಖನ ಕೈಗೆ ಸಿಕ್ಕಾಗ ತೀರ್ಮಾನಕ್ಕಿಂತ ಮೊದಲು ಹೋಲಿಕೆಯ ಪಟ್ಟಿ ಓದುವುದು ನಮ್ಮ ಅಭ್ಯಾಸ. ಎಷ್ಟು ಕುಟುಂಬಗಳು ಬಂದಿವೆ ಎಂಬುದು ಎಷ್ಟು ಜೀನುಗಳು ಎಂಬುದಕ್ಕಿಂತ ಮುಖ್ಯ.

ಫಿಲಿಪ್ಪೀನ್ಸ್‌ನ ಮಿಂಡನಾವೋ ದ್ವೀಪದ ದಾಲ್ಚಿನ್ನಿ ಬಣ್ಣದ ಹಿಪೊಕ್ರಿಪ್ಟಾಡಿಯಸ್ ಎಂಬ ಹಕ್ಕಿಯ ಕಥೆಯೂ ಹೀಗೇ. ಅದನ್ನು 1903ರಲ್ಲಿ ವರ್ಣಿಸಿದವರು ಅದೇ ಹಾರ್ಟರ್ಟ್. ಅದೂ ಬಹುಕಾಲ ಬೆಳ್ಗಣ್ಣಗಳ ಜೊತೆಗಿತ್ತು, 2010ರಲ್ಲಿ ಗುಬ್ಬಚ್ಚಿಗಳ ಕುಟುಂಬಕ್ಕೆ ಹೋಯಿತು.

ಈಗ ಸಿಂಹಗಡಕ್ಕೆ ಬರೋಣ. ಬುರುವಿಗೆ ಹೋಗಲು ಆಗದವರು ಮದಂಗವನ್ನು ಅರ್ಥ ಮಾಡಿಕೊಳ್ಳಲು ಪುಣೆ ಸುತ್ತಲ ಚಳಿಗಾಲ ಸಾಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಎರಡು ಬಗೆಯ ಪಿಪಿಟ್‌ಗಳನ್ನು ಅಕ್ಕಪಕ್ಕ ನೋಡಬಹುದು. ಒಂದು, ಬಯಲಿನ ಗದ್ದೆ ಪಿಪಿಟ್, ವರ್ಷವಿಡೀ ಇರುತ್ತದೆ. ಇನ್ನೊಂದು, ಮರ ಏರುವ ಎರಡು ವಲಸೆಗಾರರು: ಸಿಂಹಗಡದ ಇಳಿಜಾರಿನಂಥ ಕುರುಚಲು-ಮರಗಳ ಜಾಗದಲ್ಲಿ ಮರ ಪಿಪಿಟ್, ಮಹಾಬಳೇಶ್ವರದ ಮತ್ತು ಗೋವಾದ ತೇವದ ಕಾಡಿನಲ್ಲಿ ಆಲಿವ್ ಬೆನ್ನಿನ ಪಿಪಿಟ್.

ಗುರುತಿಸಲು ಮೊದಲು ಗೀರು ಎಣಿಸಲು ಹೋಗಬೇಡಿ, ಎಲ್ಲರೂ ಎಡವುವುದು ಅಲ್ಲೇ. ಹಕ್ಕಿ ಎದ್ದಾಗ ಎಲ್ಲಿಗೆ ಹೋಯಿತು ಎಂದು ನೋಡಿ. ಗದ್ದೆ ಪಿಪಿಟ್ ಎದ್ದು ಅಲೆಯಲೆಯಾಗಿ ಹಾರಿ ಮತ್ತೆ ನೆಲಕ್ಕೇ ಇಳಿಯುತ್ತದೆ. ಮರ ಪಿಪಿಟ್, ಆಲಿವ್ ಪಿಪಿಟ್ ಎರಡೂ ಹತ್ತಿರದ ಮರಕ್ಕೆ ಹೋಗಿ ಕೂರುತ್ತವೆ. ಆಮೇಲೆ ದುರ್ಬೀನು ಇಳಿಸಬೇಡಿ, 8×42 ಇದ್ದರೆ 20 ಮೀಟರಿನೊಳಗೆ ಮುಂದಿನದು ಚೆನ್ನಾಗಿ ಕಾಣುತ್ತದೆ: ಹಕ್ಕಿ ಕೊಂಬೆಯ ಉದ್ದಕ್ಕೂ ನಡೆಯುತ್ತದೆ. ಕುಪ್ಪಳಿಸುವುದಿಲ್ಲ, ಒಂದರ ಮುಂದೊಂದು ಕಾಲಿಟ್ಟು ನಡೆಯುತ್ತದೆ, ಬಾಲ ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತ. ಅದೇ ಕೊಂಬೆಗೆ ಬೆಳ್ಗಣ್ಣ ಬಂದರೆ ಕುಪ್ಪಳಿಸುತ್ತದೆ, ತಲೆಕೆಳಗಾಗಿ ತೂಗುತ್ತದೆ, ಹೂವಿಗೆ ಮೂತಿ ಹಾಕಿ ತುದಿ ಕುಂಚದಂತಿರುವ ನಾಲಿಗೆಯಿಂದ ಮಕರಂದ ಹೀರುತ್ತದೆ. ಬುರುವಿನ ಪಾಚಿ ಕೊಂಬೆಗೆ ಬೇಕಾದ ನಡಿಗೆ ಪಿಪಿಟ್ ಬಳಿ ಮೊದಲೇ ಇತ್ತು ಎಂದರೆ ಏನೆಂದು ಈ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಬೆನ್ನಿನ ಬಣ್ಣವನ್ನೂ ಗಮನಿಸಿ. ಆಲಿವ್ ಪಿಪಿಟ್‌ನ ಬೆನ್ನು ಹಸಿರು ಛಾಯೆಯದು, ಗೀರು ಇದ್ದೂ ಇಲ್ಲದಷ್ಟು ಮಂಕು. ಹುಬ್ಬು ದಪ್ಪ ಬಿಳಿ, ಕಿವಿಯ ಮೇಲೆ ಹಿಂಬದಿಗೆ ಒಂದು ಬಿಳಿ ಚುಕ್ಕೆ, ಅದರ ಕೆಳಗೆ ಕಪ್ಪು ಚುಕ್ಕೆ. ಮರ ಪಿಪಿಟ್‌ನ ಬೆನ್ನು ಕಂದು, ಗೀರು ಸ್ಪಷ್ಟ. ಕಾಡು ಹೆಚ್ಚಿದಂತೆ ಬೆನ್ನು ಹಸಿರಾಗುವ ದಾರಿಯಲ್ಲಿ ಆಲಿವ್ ಪಿಪಿಟ್ ಒಂದು ಹೆಜ್ಜೆ, ಮದಂಗ ಅದೇ ದಾರಿಯ ಕೊನೆ ಎಂದು ಹೇಳಲು ನಾಲಿಗೆ ತುರಿಸುತ್ತದೆ. ಹಾಗೆ ಹೇಳಬಾರದು. ಇವು ಒಂದರಿಂದೊಂದು ಬಂದವಲ್ಲ; ಒಂದೇ ಥರದ ಜಾಗ ಒಂದೇ ಥರದ ಬಣ್ಣ ಬೇಡಿತು, ಅಷ್ಟೆ.

ಕ್ಯಾಮೆರಾ ಇದ್ದವರು ಮುಖದ ಚಂದಕ್ಕೆ ಬೀಳದೆ ಮೂರು ಚಿತ್ರ ತೆಗೆಯಿರಿ. ಒಂದು ಪೂರ್ತಿ ಪಕ್ಕದಿಂದ, ರೆಕ್ಕೆ ಮಡಚಿದಾಗ. ಇದರಲ್ಲಿ ನೋಡಬೇಕಾದ್ದು ಬೆನ್ನಿನ ಕಡೆಯ ಉದ್ದನೆಯ ಒಳಗರಿಗಳು. ನಮ್ಮ ಪಿಪಿಟ್‌ಗಳಲ್ಲಿ ಅವು ರೆಕ್ಕೆಯ ತುದಿಯನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತವೆ, ಬೆಳ್ಗಣ್ಣದಲ್ಲಿ ಮುಚ್ಚುವುದಿಲ್ಲ. ಎರಡನೆಯದು ಕಾಲಿನದು, ಹಿಂಬೆರಳಿನ ಉಗುರು ಕಾಣುವಂತೆ. ಬಯಲ ಪಿಪಿಟ್‌ನ ಉಗುರು ಉದ್ದ ಮತ್ತು ನೇರ, ಹುಲ್ಲಿನ ಮೇಲೆ ಭಾರ ಹರಡಲು ಅನುಕೂಲ. ಮರ ಏರುವವುಗಳದು ಗಿಡ್ಡ, ಬಾಗಿದ್ದು, ಕೊಂಬೆ ಹಿಡಿಯಲು. ಮೂರನೆಯದು ಎದ್ದು ಹಾರುವಾಗ ಬಾಲ ಬಿಚ್ಚಿದ್ದು. ಹುಲ್ಲಿನಲ್ಲಿ ಉಗುರು ಮುಚ್ಚಿಹೋಗಿ ಎರಡನೆಯ ಚಿತ್ರ ಸಾಮಾನ್ಯವಾಗಿ ಕೆಡುತ್ತದೆ. ಬಂಡೆಯ ಮೇಲೋ ಕೋಟೆ ಗೋಡೆಯ ಮೇಲೋ ಬರುವವರೆಗೆ ಕಾಯಬೇಕು. ಮರ ಪಿಪಿಟ್ಟೋ ಆಲಿವ್ ಪಿಪಿಟ್ಟೋ ತೀರ್ಮಾನವಾಗದಿದ್ದರೆ ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣವಾದ ಇಬರ್ಡ್‌ನಲ್ಲಿ ಎರಡನ್ನೂ ಸೇರಿಸಿದ ಆಯ್ಕೆ ಇದೆ, ಅದನ್ನೇ ಹಾಕಿ. ಊಹಿಸಿ ಹಾಕಿದ ಹೆಸರಿಗಿಂತ ಅದು ಮುಂದೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮದಂಗದ ಕುಟುಂಬದ ಗೊಂದಲ ತೀರಿತು, ಕುಲದ್ದು ಉಳಿದಿದೆ. ಅದು ಪಿಪಿಟ್‌ಗಳ ಕುಲವಾದ ಆಂಥಸ್‌ನ ಕೊಂಬೆಗಳ ನಡುವೆಯೇ ಕೂರುತ್ತದೆ. ಅಣ್ಣನೂ ತಮ್ಮನೂ ಒಂದೇ ರೇಷನ್ ಕಾರ್ಡಿನಲ್ಲಿದ್ದು ನಡುವಿನವನಿಗೆ ಮಾತ್ರ ಬೇರೆ ಕಾರ್ಡ್ ಇದ್ದಂತೆ. ಸರಿಪಡಿಸಲು ಎರಡೇ ದಾರಿ: ನಡುವಿನವನ ಕಾರ್ಡ್ ರದ್ದು ಮಾಡಿ ಎಲ್ಲರನ್ನೂ ಆಂಥಸ್ ಎನ್ನುವುದು, ಇಲ್ಲವೇ ಆಂಥಸ್ ಅನ್ನೇ ಹಲವು ಕುಲಗಳಾಗಿ ಒಡೆಯುವುದು. ಎರಡನೆಯದು ಮಾಡಿದರೆ ಜಗತ್ತಿನ ಎಷ್ಟೋ ಪಿಪಿಟ್‌ಗಳ ಹೆಸರು ಬದಲಾಗಬೇಕು. ಒಂದು ಹಸಿರು ಹಕ್ಕಿಗಾಗಿ ಅಷ್ಟು ರಗಳೆ ಬೇಡವೆಂದೇ ಆಂಥಸ್ ರುಫಿಕೋಲಿಸ್ ಎಂಬ ಹೆಸರು ಬಳಕೆಗೆ ಬಂದದ್ದು. ಹೀಗೆ ಕುಲ ಬದಲಾದಾಗ ಮೂಲ ಲೇಖಕರ ಹೆಸರು ಮತ್ತು ವರ್ಷವನ್ನು ಕಂಸದೊಳಗೆ ಹಾಕುತ್ತಾರೆ. ಯಾವುದೇ ಪಟ್ಟಿಯಲ್ಲಿ ಕಂಸ ಕಂಡರೆ ಈ ಹಕ್ಕಿ ಒಮ್ಮೆಯಾದರೂ ಮನೆ ಬದಲಿಸಿದೆ ಎಂದು ತಿಳಿಯಿರಿ.

ನಿಮ್ಮ ಎಕ್ಸೆಲ್ ಪಟ್ಟಿಗೂ ಇದರಿಂದ ಕೆಲಸವಿದೆ. ಇಬರ್ಡ್‌ನಲ್ಲಿ ಬರಿಯ ಹೆಸರು ಬದಲಾದರೆ ಹಳೆಯ ದಾಖಲೆ ತಾನಾಗಿ ಬದಲಾಗುತ್ತದೆ, ನಿಮ್ಮ ಕಡತದಲ್ಲಿ ಆಗುವುದಿಲ್ಲ. ಆದ್ದರಿಂದ ಸ್ಥಳದಲ್ಲಿ ಬರೆದ ಹೆಸರಿನ ಅಂಕಣವನ್ನು ಎಂದೂ ತಿದ್ದಬೇಡಿ. ಪಕ್ಕದಲ್ಲಿ ಇಂದಿನ ವೈಜ್ಞಾನಿಕ ಹೆಸರು, ಅದರ ಪಕ್ಕ ಯಾವ ಪಟ್ಟಿಯ ಯಾವ ವರ್ಷದ ಆವೃತ್ತಿ. ನಮ್ಮ ಬೆಳ್ಗಣ್ಣವೇ ಕೆಲವು ವರ್ಷಗಳ ಹಿಂದೆ ಇಂಗ್ಲಿಷಿನಲ್ಲಿ ಓರಿಯೆಂಟಲ್ ಹೋಗಿ ಇಂಡಿಯನ್ ಆಯಿತು. ಆಗ್ನೇಯ ಏಷ್ಯಾದ ಕೆಲವನ್ನು ಅದರಿಂದ ಬೇರ್ಪಡಿಸಿದರು. ಸಿಂಗಪುರದಲ್ಲಿ ನೋಡಿದ್ದನ್ನೂ ಬೋರಿವಲಿಯಲ್ಲಿ ನೋಡಿದ್ದನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟವರು ಈಗ ಊರು ನೋಡಿ ಬಿಡಿಸಬೇಕು. ಊರು ಬರೆಯದವರಿಗೆ ದಾರಿಯಿಲ್ಲ. ಹಲವು ಪಟ್ಟಿಗಳನ್ನು ಒಂದು ಮಾಡುವ ಅವಿಲಿಸ್ಟ್ 2025ರ ಜೂನ್‌ನಲ್ಲಿ ಬಂದಿದೆ, 11 ಸಾವಿರಕ್ಕೂ ಮಿಕ್ಕಿ ಪ್ರಭೇದಗಳು. ಒಂದೇ ಆದ ಮಾತ್ರಕ್ಕೆ ಬದಲಾಗುವುದು ನಿಲ್ಲುವುದಿಲ್ಲ.

2015ರ ಅದೇ ಅಧ್ಯಯನದಲ್ಲಿ ಇನ್ನೊಂದು ದ್ವೀಪದ ಹಕ್ಕಿಯೂ ಮನೆಗೆ ಮರಳಿತು: ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ ಗಿನಿ ಕೊಲ್ಲಿಯ ಸಾವೊ ಟೋಮೆಯ ಗಿಡ್ಡಬಾಲದ ಕಂದು ಹಕ್ಕಿ. 1892ರಲ್ಲಿ ಶಾರ್ಪ್ ಅದಕ್ಕೆ ಅಮೌರೋಸಿಕ್ಲ ಎಂಬ ಕುಲ ಕೊಟ್ಟಿದ್ದರು. ಅದು ಸಿಪಿಲೆ. ಮದಂಗದಲ್ಲಿ ಬದಲಾದದ್ದು ಹೆಚ್ಚಾಗಿ ಬಣ್ಣ, ಇದರಲ್ಲಿ ಬಣ್ಣದ ಜೊತೆ ಮೈಕಟ್ಟೂ ಬದಲಾಗಿದೆ. ಸಿಪಿಲೆಗೆ ಕೆಲವು ಕಡೆ ಕುಂಡೆಕುಸ್ಕ ಎನ್ನುತ್ತಾರೆ, ಬಾಲ ಕುಣಿಸುವುದನ್ನು ನೋಡಿಯೇ ಇಟ್ಟ ಹೆಸರು. ಬಾಲವೇ ಗಿಡ್ಡವಾದ ಸಿಪಿಲೆಯನ್ನು ಗುರುತಿಸಲು ಆ ಹೆಸರೂ ನೆರವಾಗುತ್ತಿರಲಿಲ್ಲ.

ಕಾಡಿಗೆ ಹೊಕ್ಕ ಸಿಪಿಲೆ ನೋಡಲು ಮಾತ್ರ ಸಾವೊ ಟೋಮೆಗೆ ಹೋಗಬೇಕಿಲ್ಲ. ಗೋವಾದ ಬೊಂಡ್ಲಾ ಅಥವಾ ಮೊಲ್ಲೆಮ್ ಕಾಡುದಾರಿಯಲ್ಲಿ ಚಳಿಗಾಲದ ಬೆಳಿಗ್ಗೆ, ಬಿದಿರಿನ ನೆರಳಿರುವ ಕಡೆ ನಿಧಾನಕ್ಕೆ ನಡೆಯಿರಿ. ಎದೆಗೆ ಎರಡು ಕಪ್ಪು ಪಟ್ಟಿ ಇರುವ ಕಾಡು ಸಿಪಿಲೆ ದಾರಿಯ ಮೇಲೆಯೇ ತರಗೆಲೆ ಕೆದಕುತ್ತಿರುತ್ತದೆ. ಮಿಕ್ಕ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ಇದು ಎಡಕ್ಕೆ ಬಲಕ್ಕೆ ಆಡಿಸುತ್ತದೆ, ಬಾಲದ ಜೊತೆ ಹಿಂಭಾಗವೆಲ್ಲ ತೂಗುತ್ತದೆ. ಪೂರ್ವ ಏಷ್ಯಾದ ತನ್ನ ಕಾಡಿನಲ್ಲಿ ಗೂಡು ಕಟ್ಟುವುದೂ ನೆಲದ ಮೇಲಲ್ಲ, ಅಡ್ಡಕೊಂಬೆಯ ಮೇಲೆ. ಬೆದರಿಸಿದರೆ ಎದ್ದು ಮರಕ್ಕೆ ಹೋಗುತ್ತದೆ. ಹತ್ತು ನಿಮಿಷ ಅಲುಗಾಡದೆ ನಿಂತರೆ ಅದೇ ದಾರಿಗೆ ಮತ್ತೆ ಇಳಿಯುತ್ತದೆ.